ಪೋಸ್ಟ್ ಹಾಕುವ ಉಚಿತ ಟೂಲ್‌ಗಳೆಲ್ಲ ಎಲ್ಲಿ ಹೋದವು?

ಬಳ್ಳಾರಿಯಲ್ಲಿ ಮೂರ್ನಾಲ್ಕು ಜನ ಸೇರಿ ನಡೆಸುವ ವೆಬ್ ಕಂಪನಿಗೆ ಹೊಸಬರೊಬ್ಬರು ಸೇರಿದರೆ ಮೊದಲ ವಾರ ಪೂರ್ತಿ ಒಂದೇ ಪಾಠ. ಯಾವ ಅಂಗಡಿಯ ಪೇಜ್ ಯಾರ ಲಾಗಿನ್‌ನಲ್ಲಿದೆ, ಯಾವ ಟೂಲ್ ಇನ್ನೂ ಉಚಿತ, ಯಾವುದಕ್ಕೆ ತಿಂಗಳಿಗೆ ದುಡ್ಡು ಕಟ್ಟಬೇಕು, ಯಾವುದು ಮುಚ್ಚಿಯೇ ಹೋಯಿತು. ಜೀನ್ಸ್ ಹೊಲಿಯುವವರು, ಬೀಜ ಗೊಬ್ಬರದ ಅಂಗಡಿ, ಕೋಚಿಂಗ್ ಸೆಂಟರ್, ಹೋಟೆಲ್ ಹೀಗೆ ಹತ್ತಾರು ಗಿರಾಕಿಗಳ ಪೇಜ್ ನೋಡಿಕೊಳ್ಳುವ ತಂಡಕ್ಕೆ ಇದು ದಿನದ ತಲೆನೋವು. ಇಷ್ಟೊಂದು ಗೋಜಲು ಆಗಿದ್ದು ಹೇಗೆ?

2006ರಲ್ಲಿ ಟ್ವಿಟರ್ ಹುಟ್ಟಿತು. ಅದೇ ವರ್ಷ ಫೇಸ್‌ಬುಕ್ ಎಲ್ಲರಿಗೂ ತೆರೆಯಿತು, ಮರುವರ್ಷ ವ್ಯಾಪಾರಿಗಳಿಗೆ ಪೇಜ್ ಬಂತು. 2008ರಿಂದ 2010ರೊಳಗೆ, ಹಲವು ಅಕೌಂಟ್‌ಗಳನ್ನು ಒಂದೇ ಕಡೆಯಿಂದ ನೋಡಿಕೊಳ್ಳುವ ಟ್ವೀಟ್‌ಡೆಕ್, ಹೂಟ್‌ಸೂಟ್, ಬಫರ್ ಎಂಬ ಟೂಲ್‌ಗಳು ಒಂದರ ಹಿಂದೆ ಒಂದು ಬಂದವು. ಇವನ್ನು ಕಟ್ಟಿದವರು ಹೊರಗಿನವರು. ದೊಡ್ಡ ಜಾಲತಾಣಗಳು ಎಪಿಐ ಎಂಬ ಕಿಂಡಿ ಬಿಟ್ಟಿದ್ದವು. ಅದರ ಮೂಲಕ ಬೇರೆಯವರ ಸಾಫ್ಟ್‌ವೇರ್ ಪೋಸ್ಟ್ ಹಾಕಬಹುದಿತ್ತು, ಲೈಕ್ ಎಷ್ಟು ಬಂತು ಅಂತ ನೋಡಬಹುದಿತ್ತು. ಆಗ ಕಿಂಡಿಗೆ ದುಡ್ಡು ಕೇಳುತ್ತಿರಲಿಲ್ಲ. ಜಾಲತಾಣಗಳಿಗೆ ಜನ ಬೇಕಿತ್ತು, ಬರಹ ಬೇಕಿತ್ತು. ಇಷ್ಟು ನೆನಪಿಟ್ಟುಕೊಂಡರೆ ಮುಂದಿನದೆಲ್ಲ ಅರ್ಥವಾಗುತ್ತದೆ.

ನಮ್ಮ ಕಡೆ ಈ ಟೂಲ್‌ಗಳು ಇಷ್ಟವಾಗಲು ಇನ್ನೊಂದು ಕಾರಣವೂ ಇತ್ತು. ಬೇಸಿಗೆಯಲ್ಲಿ ಕರೆಂಟ್ ಯಾವಾಗ ಹೋಗುತ್ತದೋ ಹೇಳಲಾಗದು. ನೆಟ್ ಇದ್ದಾಗಲೇ ವಾರದ ಪೋಸ್ಟ್‌ಗಳನ್ನು ಬರೆದು ಸಮಯ ಕೊಟ್ಟಿಟ್ಟರೆ, ಆಫೀಸಿನಲ್ಲಿ ಕತ್ತಲಿದ್ದರೂ ಯುಗಾದಿ ಆಫರ್ ಬೆಳಿಗ್ಗೆ 7ಕ್ಕೆ ಸರಿಯಾಗಿ ಹೋಗುತ್ತಿತ್ತು. ಫೇಸ್‌ಬುಕ್ ತಾನೇ ಪೇಜ್‌ಗಳಿಗೆ ಈ ಸೌಲಭ್ಯ ಕೊಟ್ಟಿದ್ದು 2012ರಲ್ಲಿ.

ಆ ದಿನಗಳ ನಿಜವಾದ ಕಷ್ಟ ಕನ್ನಡದ್ದು. ಇದನ್ನು ಸ್ವಲ್ಪ ಬಿಡಿಸಿ ಹೇಳಲೇಬೇಕು, ಯಾಕಂದರೆ ಹೊರದೇಶದವರು ಬರೆಯುವ ಟಿಪ್ಸ್‌ಗಳಲ್ಲಿ ಇದರ ಸುದ್ದಿಯೇ ಇರುವುದಿಲ್ಲ. ಡಿಟಿಪಿ ಕಲಿತು ಬಂದವರು ‘ನುಡಿ’, ‘ಬರಹ’ ಎಂಬ ಕನ್ನಡ ಟೈಪಿಂಗ್ ಸಾಫ್ಟ್‌ವೇರ್‌ಗಳ ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡುತ್ತಿದ್ದರು. ಆ ಫಾಂಟ್‌ಗಳಲ್ಲಿ ಕಂಪ್ಯೂಟರ್ ಒಳಗೆ ಕೂರುವುದು ಇಂಗ್ಲಿಷ್ ಅಕ್ಷರಗಳ ಸಂಕೇತ, ಮೇಲೆ ಕಾಣುವ ಆಕಾರ ಮಾತ್ರ ಕನ್ನಡ. ಫ್ಲೆಕ್ಸ್ ಬ್ಯಾನರ್‌ಗೆ ಅಷ್ಟು ಸಾಕು. ಅದನ್ನೇ ಕಾಪಿ ಮಾಡಿ ಫೇಸ್‌ಬುಕ್‌ಗೆ ಹಾಕಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು ಬರುತ್ತಿತ್ತು. ಪ್ರತಿ ಭಾಷೆಯ ಅಕ್ಷರಕ್ಕೂ ಅದರದ್ದೇ ಸಂಕೇತ ಕೊಡುವ ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರಿಂದಲೇ ಜಾಗ ಇತ್ತು. ಆದರೆ ಫೋಟೊಶಾಪ್‌ನ ಹಳೆಯ ಆವೃತ್ತಿಗಳಲ್ಲಿ ಯೂನಿಕೋಡ್ ಕನ್ನಡದ ಒತ್ತಕ್ಷರಗಳು ಒಡೆದುಹೋಗುತ್ತಿದ್ದವು. ಹಾಗಾಗಿ ಡಿಸೈನ್‌ಗೆ ನುಡಿ, ಪೋಸ್ಟ್‌ಗೆ ಯೂನಿಕೋಡ್, ನಡುವೆ ಒಂದು ಕನ್ವರ್ಟರ್. ಒಂದೇ ಸಾಲನ್ನು ಎರಡು ಸಲ ತಿದ್ದಬೇಕು. ಅಷ್ಟೆಲ್ಲ ಮಾಡಿದ ಮೇಲೂ ಎಷ್ಟೋ ಮೊಬೈಲ್‌ಗಳಲ್ಲಿ ಕಾಣುತ್ತಿದ್ದುದು ಖಾಲಿ ಚೌಕಗಳು. ಆಂಡ್ರಾಯ್ಡ್‌ಗೆ ಕನ್ನಡ ಬಂದಿದ್ದು 2012ರ 4.1 ಆವೃತ್ತಿಯಲ್ಲಿ. ಅಂಥ ಫೋನ್ ಎಲ್ಲರ ಕೈಗೆ ಬರಲು ಇನ್ನೂ ಕೆಲವು ವರ್ಷ ಹಿಡಿಯಿತು.

ಟ್ವಿಟರ್‌ನಲ್ಲಿ ಇನ್ನೊಂದು ಲೆಕ್ಕ. ‘ಬಳ್ಳಾರಿ’ ನಮ್ಮ ಕಣ್ಣಿಗೆ ಮೂರು ಅಕ್ಷರ, ಯೂನಿಕೋಡ್‌ಗೆ ಏಳು. ಒತ್ತು, ಕೊಂಬು, ದೀರ್ಘ ಎಲ್ಲವೂ ಬೇರೆ ಬೇರೆ ಎಣಿಕೆ. ಒಂದು ಟ್ವೀಟ್‌ಗೆ ಇದ್ದ 140 ಅಕ್ಷರಗಳ ಮಿತಿ 2017ರಲ್ಲಿ 280 ಆಗುವವರೆಗೆ ಅರ್ಧ ಸುದ್ದಿ ಹೇಳುವಷ್ಟರಲ್ಲಿ ಜಾಗ ಮುಗಿಯುತ್ತಿತ್ತು. ವೆಬ್ ವಿಳಾಸದಲ್ಲಿ ಕನ್ನಡ ಇದ್ದರಂತೂ ಕಾಪಿ ಮಾಡಿದಾಗ ಪ್ರತಿ ಸಂಕೇತವೂ ಒಂಬತ್ತು ಚಿಹ್ನೆಗಳಾಗಿ ಹಿಗ್ಗುತ್ತದೆ. ಬಳ್ಳಾರಿ ಎಂಬ ಒಂದೇ ಪದಕ್ಕೆ 63 ಚಿಹ್ನೆ! ಲಿಂಕ್ ಚಿಕ್ಕದು ಮಾಡುವ ಬಿಟ್‌ಲಿ, ಗೂಗಲ್‌ನ ಗೂ.ಜಿಎಲ್ ಕನ್ನಡದವರಿಗೆ ಅಷ್ಟೊಂದು ಬೇಕಾಗಿದ್ದು ಅದಕ್ಕೇ. ಮೆಸೇಜ್‌ನಲ್ಲಿ ಕಳಿಸಲು, ಬಿಲ್ ಬುಕ್ ಮೇಲೆ ಅಚ್ಚು ಹಾಕಿಸಲು ಅವೇ ಗತಿ.

ಇನ್ನು ಅಂಗಡಿಯವರು. ಪೇಜ್ ಮಾಡುವ ಬದಲು ಅಂಗಡಿಯ ಹೆಸರಲ್ಲಿ ಪ್ರೊಫೈಲ್ ತೆರೆದು ಫ್ರೆಂಡ್ ರಿಕ್ವೆಸ್ಟ್ ಕಳಿಸಿದವರು ಬೇಕಾದಷ್ಟು ಜನ. 5,000 ಗೆಳೆಯರಾದ ಮೇಲೆ ಅಲ್ಲಿ ಬಾಗಿಲು ಬಂದ್. 2016ರ ಸೆಪ್ಟೆಂಬರ್‌ನಲ್ಲಿ ಜಿಯೊ ಬಂದು ಡೇಟಾ ಅಗ್ಗವಾಯಿತು. ಕೌಲ್ ಬಜಾರ್‌ನಿಂದ ಸಿರುಗುಪ್ಪದವರೆಗೆ ಜನ ಆನ್‌ಲೈನ್‌ಗೆ ಬಂದಾಗ, ಅವರನ್ನು ಸೇರಿಸಿಕೊಳ್ಳಲು ಅಂಥ ಪ್ರೊಫೈಲ್‌ಗಳಲ್ಲಿ ಜಾಗವೇ ಇರಲಿಲ್ಲ.

2018ರಲ್ಲಿ ಗಾಳಿ ತಿರುಗಿತು. ಇನ್ನು ಮನೆಯವರ, ಗೆಳೆಯರ ಪೋಸ್ಟ್‌ಗಳಿಗೆ ಮೊದಲ ಜಾಗ ಅಂತ ಜನವರಿಯಲ್ಲಿ ಫೇಸ್‌ಬುಕ್ ಹೇಳಿತು. ವ್ಯಾಪಾರಿ ಪೇಜ್‌ಗಳು ಹಿಂದೆ ಸರಿದವು. ಜನರನ್ನು ಮುಟ್ಟಬೇಕಾದರೆ ಜಾಹೀರಾತಿಗೆ ದುಡ್ಡು ಹಾಕಿ ಎಂಬಂತಾಯಿತು. ಮಾರ್ಚ್‌ನಲ್ಲಿ ಕೇಂಬ್ರಿಡ್ಜ್ ಅನಲಿಟಿಕಾ ಹಗರಣ ಹೊರಬಂತು. ಕೋಟ್ಯಂತರ ಜನರ ಮಾಹಿತಿ ಸೋರಿದ್ದು ಇದೇ ಕಿಂಡಿಯಿಂದ. ಬಿಗಿ ಮಾಡಲು ಕಾರಣ ಇತ್ತು, ಅದನ್ನು ಒಪ್ಪಲೇಬೇಕು. ಆದರೆ ಏಟು ಬಿದ್ದಿದ್ದು ಮಾಹಿತಿ ಕದಿಯುವವರಿಗೆ ಮಾತ್ರ ಅಲ್ಲ. ಆಗಸ್ಟ್ 1ರಿಂದ ಹೊರಗಿನ ಟೂಲ್‌ಗಳು ಪ್ರೊಫೈಲ್‌ಗೆ ಪೋಸ್ಟ್ ಹಾಕುವುದು ನಿಂತಿತು. ಪ್ರೊಫೈಲ್ ನಂಬಿಕೊಂಡಿದ್ದ ಅಂಗಡಿಗಳು ಪೇಜ್‌ಗೆ ಬದಲಾಗಬೇಕಾಯಿತು. ಅದೇ ವರ್ಷ ವಾಟ್ಸ್‌ಆ್ಯಪ್ ಬಿಸಿನೆಸ್ ಬಂದಿದ್ದರಿಂದ ಬಹಳ ಜನ ಅತ್ತ ವಾಲಿದರು. ಅಲ್ಲಿ ಒಂದು ಬ್ರಾಡ್‌ಕಾಸ್ಟ್ ಪಟ್ಟಿಗೆ 256 ಜನ. ಅವರು ನಿಮ್ಮ ನಂಬರ್ ಸೇವ್ ಮಾಡಿಕೊಂಡಿದ್ದರಷ್ಟೇ ಮೆಸೇಜ್ ತಲುಪುತ್ತದೆ.

2020ರ ಜೂನ್‌ನಲ್ಲಿ ಟಿಕ್‌ಟಾಕ್ ಒಂದೇ ರಾತ್ರಿಯಲ್ಲಿ ಹೋಯಿತು. ಸೆಪ್ಟೆಂಬರ್‌ನಲ್ಲಿ, ಒಂದು ಕಡೆ ಹಾಕಿದ್ದನ್ನು ಇನ್ನೊಂದು ಕಡೆಗೆ ತಾನಾಗಿಯೇ ಕಳಿಸುವ ಐಎಫ್‌ಟಿಟಿಟಿ ಎಂಬ ಟೂಲ್ ಉಚಿತ ಬಳಕೆಯನ್ನು ಮೂರು ಕೆಲಸಗಳಿಗೆ ಇಳಿಸಿತು. ದೊಡ್ಡ ಹೊಡೆತ 2023ರದ್ದು. ಫೆಬ್ರವರಿಯಲ್ಲಿ ಟ್ವಿಟರ್ ತನ್ನ ಉಚಿತ ಎಪಿಐ ನಿಲ್ಲಿಸುವುದಾಗಿ ಒಂದೇ ವಾರದ ಗಡುವು ಕೊಟ್ಟಿತು, ಆಮೇಲೆ ಮುಂದೂಡಿತು. ಕೊನೆಗೆ ಆ ವರ್ಷ ಸಾಧಾರಣ ಬಳಕೆಗೆ ತಿಂಗಳಿಗೆ 100 ಡಾಲರ್, ಅಂದರೆ 8 ಸಾವಿರ ರೂಪಾಯಿಗೂ ಜಾಸ್ತಿ ಎಂದಾಯಿತು. ಮಾರ್ಚ್ 31ಕ್ಕೆ ಹೂಟ್‌ಸೂಟ್‌ನ ಉಚಿತ ಪ್ಲಾನ್ ಮುಗಿಯಿತು. ಆಗಸ್ಟ್‌ನಲ್ಲಿ ಟ್ವೀಟ್‌ಡೆಕ್ ಕೂಡ ದುಡ್ಡು ಕೊಟ್ಟವರಿಗೆ ಮಾತ್ರ ಎಂದಾಯಿತು.

ಯಾರೂ ಸುಮ್ನೆ ಸರ್ವರ್ ನಡೆಸುವುದಿಲ್ಲ, ಬೆಲೆ ಕೇಳುವುದು ತಪ್ಪಲ್ಲ. ಆದರೆ ಹತ್ತು ವರ್ಷ ಉಚಿತ ಎಂದು ರೂಢಿ ಮಾಡಿಸಿ, ವಾರದ ನೋಟಿಸ್‌ನಲ್ಲಿ ಡಾಲರ್ ದರ ಕೇಳಿದರೆ ಸಣ್ಣ ಊರಿನ ತಂಡ ಎಲ್ಲಿಂದ ತರಬೇಕು? ಇಲ್ಲಿನ ಗಿರಾಕಿ ರೂಪಾಯಿ ಲೆಕ್ಕದಲ್ಲಿ, ಅದೂ ಚೌಕಾಸಿ ಮಾಡಿ ಕೊಡುವವರು.

ಅಚ್ಚಾದ ಲಿಂಕ್‌ಗಳ ಕಥೆಯೂ ಹೀಗೇ. ಗೂ.ಜಿಎಲ್‌ನಲ್ಲಿ ಹೊಸ ಲಿಂಕ್ ಮಾಡುವುದು 2019ರಲ್ಲೇ ನಿಂತಿತ್ತು. ಹಳೆಯವೂ 2025ರ ಆಗಸ್ಟ್ 25ಕ್ಕೆ ನಿಲ್ಲುತ್ತವೆ ಎಂದಿದ್ದ ಗೂಗಲ್, ಕೊನೆ ಗಳಿಗೆಯಲ್ಲಿ ಬಳಕೆಯಲ್ಲಿರುವವನ್ನು ಉಳಿಸುವುದಾಗಿ ಹೇಳಿತು. ಹಾಗಾಗಿ ಕೆಲವು ತೆರೆಯುತ್ತವೆ, ಕೆಲವು ಇಲ್ಲ. ಹೊಸದಾಗಿ ಅಚ್ಚು ಹಾಕಿಸುವವರು ಸ್ವಂತ ಡೊಮೈನ್‌ನ ಚಿಕ್ಕ ಲಿಂಕನ್ನೇ ಕೊಡುವುದು ಒಳ್ಳೆಯದು.

ಟೂಲ್‌ಗಿಂತ ಬೇಗ ಬದಲಾಗುವುದು ತಂಡ. ಬಳ್ಳಾರಿಯಲ್ಲಿ ಎರಡು ವರ್ಷ ಕೆಲಸ ಕಲಿತವರು ಬೆಂಗಳೂರಿಗೆ ಹೋಗುತ್ತಾರೆ, ಹೋಗಲೂಬೇಕು. ಅವರ ಜೊತೆ ಲಾಗಿನ್ ಹೋಗಬಾರದು ಅಷ್ಟೇ. ಫೇಸ್‌ಬುಕ್ ಪೇಜ್ ನಡೆಯುವುದೇ ಒಬ್ಬರ ಸ್ವಂತ ಅಕೌಂಟ್ ಮೂಲಕ. ಆದ್ದರಿಂದ ಪೂರ್ತಿ ಹಕ್ಕು ಇಬ್ಬರಿಗಾದರೂ ಇರಬೇಕು, ಅವರಲ್ಲಿ ಒಬ್ಬರು ಅಂಗಡಿಯ ಮಾಲೀಕರೇ ಆಗಿರಬೇಕು. ಫೇಸ್‌ಬುಕ್, ಇನ್‌ಸ್ಟಾಗ್ರಾಂ ಪೋಸ್ಟ್‌ಗಳಿಗೆ ಮೊದಲೇ ಸಮಯ ಇಡಲು ಮೆಟಾ ಬಿಸಿನೆಸ್ ಸೂಟ್ ಸದ್ಯಕ್ಕೆ ಉಚಿತವಾಗಿಯೇ ಇದೆ. ಆದರೆ ಬರಹ, ಫೋಟೊಗಳ ಮೂಲ ಪ್ರತಿ ತಂಡದ ಡಿಸ್ಕ್‌ನಲ್ಲೂ ಇರಲಿ. ಕನ್ನಡ ಬರಹವಂತೂ ಯೂನಿಕೋಡ್‌ನಲ್ಲೇ ಇರಲಿ, ಬರೀ ಚಿತ್ರದೊಳಗೆ ಸೇರಿಸಿಟ್ಟರೆ ಮುಂದೆ ಹುಡುಕಲು ಸಿಗುವುದಿಲ್ಲ. ಒಟಿಪಿ ಬರುವ ಸಿಮ್ ಕೆಲಸಗಾರರ ಹೆಸರಲ್ಲಿದ್ದರೆ, ಅವರು ಬೆಂಗಳೂರಿನ ಬಸ್ ಹತ್ತುವ ಮೊದಲೇ ಅಂಗಡಿಯ ನಂಬರ್‌ಗೆ ಬದಲಿಸಿಕೊಳ್ಳಿ.