ಆತಕೂರಿನ ಕಲ್ಲು, ಕಾಲೇಜಿನ ಕಾರ್ಯಭಾರ

ಮಂಡ್ಯದ ಕಾಲೇಜಿನಲ್ಲಿ ಬಿ.ಎ. ಮೊದಲ ವರ್ಷದ ಇತಿಹಾಸ ಪಾಠವನ್ನು ನಾನು ಆತಕೂರು ಶಾಸನದಿಂದ ಆರಂಭಿಸುತ್ತೇನೆ. ಊರು ನಮ್ಮ ಮದ್ದೂರು ತಾಲ್ಲೂಕಿನದು. ಕಲ್ಲು ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ. ಕಾಲ ಕ್ರಿ.ಶ. 949-50. ತಕ್ಕೋಲದ ಯುದ್ಧದಲ್ಲಿ ಚೋಳ ರಾಜಾದಿತ್ಯ ಮಡಿದದ್ದು ಅದರಲ್ಲಿದೆ. ಆದರೆ ಕಲ್ಲು ನಿಂತದ್ದು ಕಾಳಿ ಎಂಬ ನಾಯಿಗಾಗಿ. ಆ ಯುದ್ಧದಲ್ಲಿ ಹೋರಾಡಿದ ಮಣಲೇರನೆಂಬ ವೀರನು, ತನ್ನ ಶೌರ್ಯಕ್ಕೆ ಮೆಚ್ಚಿದ ಒಡೆಯನಿಂದ ಬೇಡಿ ಪಡೆದ ನಾಯಿ ಅದು. ಕಾಡುಹಂದಿಯೊಡನೆ ಸೆಣಸಿ ಎರಡೂ ಸತ್ತವು. ಕಲ್ಲಿನ ಪೂಜೆಗೆಂದು ಕೆರೆಯ ಕೆಳಗಿನ ಭೂಮಿಯನ್ನು ಬಿಟ್ಟುಕೊಟ್ಟರು.

ಮಕ್ಕಳು ಯುದ್ಧದ ಇಸವಿಯನ್ನು ಬರೆದುಕೊಂಡು ಪುಟ ತಿರುಗಿಸುತ್ತಾರೆ, ಪಿ.ಯು.ಸಿ.ಯವರೆಗೆ ಕಲಿತದ್ದೇ ಅದು. ಅವರನ್ನು ತಡೆದು ಮತ್ತೆ ಓದಿಸಬೇಕು. ಬರೆಸಿದವನು ಯಾರು, ಯಾರ ಹೊಗಳಿಕೆ, ಯಾವುದನ್ನು ಹೇಳಿಲ್ಲ? ಒಮ್ಮೆ ಕಬ್ಬು ಬೆಳೆಯುವ ಮನೆಯ ಹುಡುಗಿಯೊಬ್ಬಳು, "ಸರ್, ಆ ಭೂಮಿಯನ್ನು ಅದುವರೆಗೆ ಉಳುತ್ತಿದ್ದವರು ಯಾರು?" ಎಂದು ಕೇಳಿದಳು. ಶಾಸನ ಅದನ್ನು ಹೇಳುವುದಿಲ್ಲ. ಈ ಒಂದು ಪ್ರಶ್ನೆಗೆ ತಲುಪಲು ನಮಗೆ ಮೂರು ವಾರ ಹಿಡಿದಿತ್ತು. ಮಾನವಿಕ ವಿಷಯಗಳು ಕಲಿಸುವುದು ಇದನ್ನೇ. ಮುಂದೆ ಅವಳು ಪಹಣಿ ನೋಡಲಿ, ಪತ್ರಿಕೆಯ ವರದಿ ಓದಲಿ, ಅಲ್ಲಿ ಬಿಟ್ಟುಹೋದದ್ದರ ಕಡೆಗೆ ಕಣ್ಣು ಹಾಯುತ್ತದೆ.

ಆ ಮೂರು ವಾರ ಈಗ ಸಿಗುವುದಿಲ್ಲ. ಕಾರಣ ಸರಳವಾದದ್ದು, ಹೊರಗಿನವರಿಗೆ ಗೊತ್ತಿಲ್ಲದ್ದು. ಹುದ್ದೆ ನಿಲ್ಲುವುದು ಕಾರ್ಯಭಾರದ ಮೇಲೆ. ಸಹಾಯಕ ಪ್ರಾಧ್ಯಾಪಕರಿಗೆ ವಾರಕ್ಕೆ 16 ಗಂಟೆಯ ಬೋಧನೆ ಇರಬೇಕು. ದಾಖಲಾತಿ ಇಳಿದರೆ ಗಂಟೆ ಇಳಿಯುತ್ತದೆ, ಗಂಟೆ ಇಳಿದರೆ ಕಾಯಂ ಹುದ್ದೆ ಬೇರೆಡೆಗೆ ಹೋಗುತ್ತದೆ. ಉಳಿದ ಪಾಠ ಅತಿಥಿ ಉಪನ್ಯಾಸಕರ ಪಾಲು. ಬಹಳ ಮಂದಿ ನನಗಿಂತ ಚೆನ್ನಾಗಿ ಓದಿಕೊಂಡವರು. ಆದರೆ ಮುಂದಿನ ಸೆಮಿಸ್ಟರಿಗೆ ಇರುತ್ತೇವೆಯೋ ಇಲ್ಲವೋ ತಿಳಿಯದವರು ಶಾಸನದ ಮುಂದೆ ವಾರಗಟ್ಟಲೆ ಕುಳಿತುಕೊಳ್ಳುವುದು ಹೇಗೆ? ನೋಟ್ಸ್ ಬರೆಸುತ್ತಾರೆ. ನೋಟ್ಸ್ ಅಂಗಡಿಯಲ್ಲೂ ಸಿಗುವುದರಿಂದ ಮಕ್ಕಳು ತರಗತಿಗೆ ಬರುವುದಿಲ್ಲ. ಮರುವರ್ಷ ದಾಖಲಾತಿ ಇನ್ನಷ್ಟು ಕುಸಿಯುತ್ತದೆ. ಇದರ ನಡುವೆ 2021-22ರಲ್ಲಿ ನಾಲ್ಕು ವರ್ಷದ ಪದವಿ ಬಂದಿತು, 2024-25ರಲ್ಲಿ ಮತ್ತೆ ಮೂರು ವರ್ಷವಾಯಿತು. ಪಠ್ಯಕ್ರಮ ಕೈಗೆ ಹತ್ತುವಷ್ಟರಲ್ಲಿ ಬದಲಾಯಿತು.

1905ರಲ್ಲಿ ಮೈಸೂರಿನ ಪ್ರಾಚ್ಯ ಗ್ರಂಥಾಲಯಕ್ಕೆ ಬಂದ ತಾಳೆಗರಿ ಕಟ್ಟಿನಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವನ್ನು ಗುರುತಿಸಿದವರು ಆರ್. ಶಾಮಶಾಸ್ತ್ರಿ. ಮೂಲಪಾಠ ಅಚ್ಚಾದದ್ದು 1909ರಲ್ಲಿ. ಮೈಸೂರು ವಿಶ್ವವಿದ್ಯಾನಿಲಯ ಹುಟ್ಟಿದ್ದು 1916ರಲ್ಲಿ, ಅದಕ್ಕೂ ಮುಂಚಿನ ಮಾತಿದು. ಆ ಕಟ್ಟಿನಲ್ಲಿದ್ದ ಲಿಪಿಯನ್ನು, ದಕ್ಷಿಣದಲ್ಲಿ ಸಂಸ್ಕೃತ ಬರೆಯಲು ಬಳಸುತ್ತಿದ್ದ ‘ಗ್ರಂಥ’ ಎಂಬ ಲಿಪಿಯನ್ನು, ಬಲ್ಲವರೊಬ್ಬರನ್ನು ಸಂಬಳ ಕೊಟ್ಟು ಅಲ್ಲಿ ಇಟ್ಟುಕೊಂಡಿದ್ದರು. ವಾರಕ್ಕೆ ಎಷ್ಟು ಜನ ಓದಲು ಬರುತ್ತಾರೆ ಎಂಬ ಲೆಕ್ಕದ ಮೇಲೆ ಆ ಹುದ್ದೆ ನಿಂತಿದ್ದರೆ ಆ ಕಟ್ಟನ್ನು ಬಿಚ್ಚುವವರು ಯಾರಿರುತ್ತಿದ್ದರು?

ವಿದ್ಯಾರ್ಥಿಗಳು ಹನ್ನೆರಡೇ ಇರಲಿ, ಜಿಲ್ಲೆಯ ಒಂದೊಂದು ಕಾಲೇಜಿನಲ್ಲಾದರೂ ಇತಿಹಾಸಕ್ಕೆ, ತತ್ತ್ವಶಾಸ್ತ್ರಕ್ಕೆ, ಕನ್ನಡಕ್ಕೆ ಕಾಯಂ ಅಧ್ಯಾಪಕರನ್ನು ಉಳಿಸಿ ಎಂದು ಕಾರ್ಯಭಾರ ಪರಿಶೀಲನೆಯ ಪ್ರತಿ ಸಭೆಯಲ್ಲೂ ಕೇಳುತ್ತಿದ್ದೇನೆ. ಈ ವರ್ಷ ನನ್ನ ತರಗತಿಯಲ್ಲಿರುವವರು ಹನ್ನೊಂದು ಮಂದಿ. ಮುಂದಿನ ವಾರ ಅವರನ್ನು ಕರೆದುಕೊಂಡು ಬೆಂಗಳೂರಿಗೆ ಹೋಗುತ್ತಿದ್ದೇನೆ, ಕಲ್ಲನ್ನು ಕಣ್ಣಾರೆ ನೋಡಲಿ ಎಂದು.