ಹೆದರಿಕೊಳ್ಳೋಕೂ ಜೊತೆ ಬೇಕು

ಮೈಸೂರಿನ ದಸರಾ ವಸ್ತುಪ್ರದರ್ಶನದಲ್ಲಿ ಜೈಂಟ್ ವೀಲ್, ದೆಹಲಿ ಹಪ್ಪಳ, ಮೆಣಸಿನಕಾಯಿ ಬಜ್ಜಿಗಳ ನಡುವೆ ಎಲ್ಲೋ ಒಂದು ಕಡೆ ಭೂತದ ಮನೆಯೂ ಇರುತ್ತದೆ. ತಗಡಿನ ಗೋಡೆ, ಕಪ್ಪು ಬಟ್ಟೆ, ಬಾಗಿಲ ಮೇಲೆ ಕೆಂಪು ಬಣ್ಣ ಸುರಿಯುವ ತಲೆಬುರುಡೆ. ದುಡ್ಡು ಕೊಟ್ಟು ಒಳಗೆ ಹೋದವರು ಕಿರುಚುತ್ತಾರೆ. ಐದು ನಿಮಿಷಕ್ಕೆ ಆಚೆ ಬಂದು ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ಟಿಕೆಟ್ ಕೊಡುವ ಜಾಗದಲ್ಲಿ ಸ್ವಲ್ಪ ಹೊತ್ತು ಸುಮ್ನೆ ನಿಂತು ನೋಡಿ. ಒಬ್ಬರೇ ಬರುವವರು ಅಪರೂಪ. ಇಬ್ಬರು, ನಾಲ್ವರು, ಕೆಲವೊಮ್ಮೆ ಅತ್ತೆ, ಸೊಸೆ, ಮಕ್ಕಳ ಸಮೇತ ಇಡೀ ಸಂಸಾರ. 'ನೀನು ಮುಂದೆ ಹೋಗು', 'ಇಲ್ಲ, ನೀನೇ ಹೋಗು' ಅನ್ನುವ ಜಗಳ ಬಾಗಿಲಲ್ಲೇ ಶುರುವಾಗಿರುತ್ತದೆ.

ದೆವ್ವದ ಸಿನಿಮಾ, ದೆವ್ವದ ಕತೆ ಅಂದರೆ ನನಗೂ ಹುಚ್ಚು. ಈ ಹುಚ್ಚು ಇರುವವರಿಗೆ ಧೈರ್ಯ ಜಾಸ್ತಿ ಅಂತ ಎಷ್ಟೋ ಜನ ತಿಳಿದಿದ್ದಾರೆ. ಹಾಗೇನೂ ಇಲ್ಲ. ಒಟ್ಟಿಗೆ ದೆವ್ವದ ಸಿನಿಮಾ ನೋಡುವ ನಮ್ಮ ಗುಂಪಿನಲ್ಲಿ ರಾತ್ರಿ ಕರೆಂಟ್ ಹೋದರೆ ಬಚ್ಚಲಮನೆಗೆ ಒಬ್ಬರೇ ಹೋಗದವರೂ ಇದ್ದಾರೆ. ಈ ಆಟದಲ್ಲಿ ತೆರೆಯ ಮೇಲಿನ ದೆವ್ವಕ್ಕಿಂತ ಪಕ್ಕದ ಕುರ್ಚಿಯವರದ್ದೇ ದೊಡ್ಡ ಪಾತ್ರ ಅನ್ನುವುದು ನನ್ನ ಅಭಿಪ್ರಾಯ. ಅದಕ್ಕೆ ಆಧಾರವೂ ಸಾಕಷ್ಟಿದೆ.

ಮೊದಲು ದೇಹದ ಕಡೆ ನೋಡೋಣ. ಚಾರ್ಲ್ಸ್ ಡಾರ್ವಿನ್ ಒಂದು ಸಲ ಲಂಡನ್ನಿನ ಮೃಗಾಲಯದಲ್ಲಿ ಹಾವಿನ ಗಾಜಿನ ಪೆಟ್ಟಿಗೆಗೆ ಮುಖ ಒತ್ತಿಕೊಂಡು ನಿಂತ. ಒಳಗೆ ಪಫ್ ಆಡರ್ ಇತ್ತು. ಆಫ್ರಿಕಾದ ಹಾವು ಅದು, ನಮ್ಮ ಕೊಳಕುಮಂಡಲದ ಬಳಗ. ಹಾವು ಎಗರಿದರೂ ಹಿಂದೆ ಸರಿಯುವುದಿಲ್ಲ ಅಂತ ಗಟ್ಟಿ ಮನಸ್ಸು ಮಾಡಿಕೊಂಡೇ ನಿಂತಿದ್ದ. ಹಾವು ಗಾಜಿಗೆ ಕುಕ್ಕಿತು. ಡಾರ್ವಿನ್ ಒಂದೆರಡು ಗಜ ಹಿಂದಕ್ಕೆ ಹಾರಿದ್ದ! 1872ರಲ್ಲಿ ಬಂದ ತನ್ನ ಪುಸ್ತಕದಲ್ಲಿ ಇದನ್ನು ತಾನೇ ಬರೆದಿದ್ದಾನೆ. ಗಾಜು ಗಟ್ಟಿಯಾಗಿದೆ ಅನ್ನುವುದು ಅವನಿಗೆ ಗೊತ್ತಿತ್ತು. ಆ ತಿಳಿವಳಿಕೆ ಆ ಕ್ಷಣಕ್ಕೆ ಒಂದು ಚೂರೂ ಕೆಲಸಕ್ಕೆ ಬರಲಿಲ್ಲ. ನಮ್ಮ ಮೈಸೂರಿನ ಮೃಗಾಲಯದಲ್ಲೂ ಹಾವಿನ ಗಾಜಿಗೆ ಮೂಗು ತಾಗಿಸಿ ನಿಂತ ಮಕ್ಕಳಿಗೆ, ಅವರ ಅಪ್ಪಂದಿರಿಗೂ, ಇದೇ ಗತಿ.

ದೊಡ್ಡ ಸದ್ದು ಕಿವಿಗೆ ಬಿದ್ದರೆ ಸೆಕೆಂಡಿನ ಇಪ್ಪತ್ತನೇ ಒಂದು ಭಾಗದೊಳಗೆ ರೆಪ್ಪೆ ಮುಚ್ಚಿಕೊಳ್ಳಲು ಶುರುವಾಗಿರುತ್ತದೆ. ಯೋಚನೆಗೆ ಅಲ್ಲಿ ಜಾಗವೇ ಇಲ್ಲ. ಆಮೇಲೆ ಅಡ್ರಿನಲಿನ್ ಅನ್ನುವ ಹಾರ್ಮೋನು ರಕ್ತಕ್ಕೆ ಇಳಿಯುತ್ತದೆ. ಎದೆ ಡವಡವ ಅನ್ನುತ್ತದೆ, ಚರ್ಮದ ರಕ್ತನಾಳಗಳು ಬಿಗಿದುಕೊಂಡು ಕೈ ತಣ್ಣಗಾಗುತ್ತದೆ, ಕೂದಲ ಬುಡದ ಪುಟ್ಟ ಸ್ನಾಯುಗಳು ಸೆಳೆದು ಮೈ ಜುಮ್ಮೆನ್ನುತ್ತದೆ. ದೆವ್ವ ಸುಳ್ಳಿರಬಹುದು, ಇದ್ಯಾವುದೂ ಸುಳ್ಳಲ್ಲ.

ಈ ಗಲಾಟೆಯಲ್ಲಿ ಅಮಿಗ್ಡಲ ಅನ್ನುವ ಭಾಗಕ್ಕೆ ದೊಡ್ಡ ಕೆಲಸವಿದೆ. ಬಾದಾಮಿ ಆಕಾರದ್ದು, ಮಿದುಳಿನ ಎಡಕ್ಕೊಂದು ಬಲಕ್ಕೊಂದು. ಅದು ಇಲ್ಲದೇ ಹೋದರೆ ಏನಾಗುತ್ತದೆ? ಅಮೆರಿಕದಲ್ಲಿ ಒಬ್ಬ ಮಹಿಳೆಗೆ ಅಪರೂಪದ ಕಾಯಿಲೆಯಿಂದ ಎರಡೂ ಕಡೆಯ ಅಮಿಗ್ಡಲ ಹಾಳಾಗಿತ್ತು. ವಿಜ್ಞಾನಿಗಳು ಆಕೆಯನ್ನು ಎಸ್.ಎಂ. ಅಂತಷ್ಟೇ ಕರೆಯುತ್ತಾರೆ. ಆಕೆಯ ಭಯವನ್ನು ಪರೀಕ್ಷಿಸಿದ ಕತೆ 2011ರಲ್ಲಿ ಪ್ರಕಟವಾಯಿತು. ಹಾವು ಮಾರುವ ಅಂಗಡಿಗೆ ಕರೆದುಕೊಂಡು ಹೋದರೆ, ಹಾವೆಂದರೆ ಆಗುವುದಿಲ್ಲ ಅಂತ ಹೇಳುತ್ತಿದ್ದ ಈಕೆ ಅವನ್ನು ಕೈಗೆತ್ತಿಕೊಂಡು ಆಡಿಸಿದರು. ಇನ್ನೂ ದೊಡ್ಡ, ಅಪಾಯದ ಹಾವುಗಳನ್ನೂ ಮುಟ್ಟಬಹುದಾ ಅಂತ ಮತ್ತೆಮತ್ತೆ ಕೇಳಿದರು. ಕೆಂಟಕಿಯ ಹಳೆಯ ಕ್ಷಯರೋಗದ ಆಸ್ಪತ್ರೆಯೊಂದನ್ನು ಭೂತದ ಮನೆ ಮಾಡಿದ್ದರು. ಅಲ್ಲಿಗೂ ಕರೆದುಕೊಂಡು ಹೋದರು. ಗುರುತಿಲ್ಲದವರ ಗುಂಪಿಗೆಲ್ಲ ಈಕೆಯೇ ಮುಂದಾಳು. ರಾಕ್ಷಸನ ವೇಷ ಹಾಕಿಕೊಂಡು ಎದುರಿಗೆ ಹಾರಿದವನ ತಲೆಯನ್ನು ಹೇಗಿದೆಯೋ ನೋಡೋಣ ಅಂತ ಬೆರಳಿನಿಂದ ತಿವಿದರು. ಬೆಚ್ಚಿಬಿದ್ದವನು ಆ ರಾಕ್ಷಸ, ಪಾಪ.

ನನಗೆ ಇಷ್ಟವಾದ ವಿವರ ಇನ್ನೊಂದಿದೆ. ಎಸ್.ಎಂ.ಗೆ ಭಯಾನಕ ಸಿನಿಮಾಗಳ ತುಣುಕುಗಳನ್ನು ತೋರಿಸಿದರು. ಭಯವೇನೂ ಆಗಲಿಲ್ಲ. ಆದರೆ ಒಂದು ಸಿನಿಮಾದ ಹೆಸರು ಕೇಳಿ ತಿಳಿದುಕೊಂಡರು, ಮನೆಗೆ ಬಾಡಿಗೆಗೆ ತಂದು ಪೂರ್ತಿ ನೋಡಬೇಕು ಅಂತ! ಹೆದರಿಕೆಯೇ ಇಲ್ಲದವರಿಗೂ ದೆವ್ವದ ಕತೆಯಲ್ಲಿ ಹಿಡಿದು ಕೂರಿಸುವಂಥದ್ದು ಏನೋ ಇದೆ ಅಂತಾಯಿತಲ್ವಾ? ಕುತೂಹಲ ಅನ್ನುವುದು ಭಯದ ಬಾಲವಲ್ಲ, ಅದಕ್ಕೇ ಬೇರೆ ಜೀವವಿದೆ. ಹಾಗಂತ ಆಕೆಗೆ ಭಯವೇ ಹುಟ್ಟುವುದಿಲ್ಲ ಅಂತಲೂ ಹೇಳುವ ಹಾಗಿಲ್ಲ. 2013ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಕಾರ್ಬನ್ ಡೈಆಕ್ಸೈಡ್ ಬೆರೆಸಿದ ಗಾಳಿ ಉಸಿರಾಡಿಸಿದಾಗ ಅದೇ ಎಸ್.ಎಂ. ಉಸಿರು ಕಟ್ಟಿದವರಂತೆ ಗಾಬರಿಬಿದ್ದು ಮಾಸ್ಕ್ ಕಿತ್ತುಹಾಕಲು ಒದ್ದಾಡಿದರು. ಹೊರಗಿನಿಂದ ಬರುವ ಅಪಾಯಕ್ಕೆ ಒಂದು ದಾರಿ, ದೇಹದ ಒಳಗಿನಿಂದಲೇ ಏಳುವ ಗಾಬರಿಗೆ ಇನ್ನೊಂದು ದಾರಿ ಇರುವ ಹಾಗಿದೆ.

ಇನ್ನು ಎಷ್ಟು ಹೆದರಿದರೆ ಮಜಾ ಅನ್ನುವ ಲೆಕ್ಕ. ಡೆನ್ಮಾರ್ಕಿನ ಆರ್ಹಸ್ ವಿಶ್ವವಿದ್ಯಾಲಯದಲ್ಲಿ ಮೋಜಿನ ಭಯವನ್ನು ಓದುವುದಕ್ಕೇ ಒಂದು ಪ್ರಯೋಗಾಲಯವಿದೆ. ಅಲ್ಲಿನವರು ಭೂತದ ಮನೆಗೆ ಬಂದ 110 ಮಂದಿಗೆ ಎದೆಬಡಿತ ಅಳೆಯುವ ಪಟ್ಟಿ ಕಟ್ಟಿ ಒಳಗೆ ಬಿಟ್ಟರು, ಕ್ಯಾಮೆರಾದಲ್ಲಿ ಮುಖಭಾವ ಸೆರೆಹಿಡಿದರು. 2020ರಲ್ಲಿ ಫಲಿತಾಂಶ ಬಂತು. ಹೆದರಿಕೆ ತೀರಾ ಕಡಿಮೆಯಾದರೆ ಸಪ್ಪೆ, ತೀರಾ ಜಾಸ್ತಿಯಾದರೆ ಸಾಕಪ್ಪಾ ಸಾಕು. ಮಜಾ ಇರುವುದು ನಡುವೆ. ಎದೆಬಡಿತವೂ ಅದನ್ನೇ ಹೇಳಿತು: ಮಾಮೂಲಿಗಿಂತ ಸ್ವಲ್ಪ ಏರುಪೇರಾದಾಗ ಖುಷಿ, ವಿಪರೀತವಾದಾಗ ಇಲ್ಲ.

ಆ ನಡುವಿನ ಜಾಗವನ್ನು ಒಬ್ಬೊಬ್ಬರು ಒಂದೊಂದು ಥರ ಹುಡುಕುತ್ತಾರೆ. ಅದೇ ಡೆನ್ಮಾರ್ಕಿನವರ ಇನ್ನೊಂದು ಅಧ್ಯಯನದಲ್ಲಿ ಕೆಲವರಿಗೆ ಹೆದರಿಕೆ ಎಷ್ಟಿದ್ದರೂ ಸಾಲದು, ಇನ್ನೂ ಬೇಕು. ಇನ್ನು ಕೆಲವರು ಹಲ್ಲು ಕಚ್ಚಿಕೊಂಡು, ಗೋಡೆ ನೋಡಿಕೊಂಡು, 'ಇದೆಲ್ಲ ಬರೀ ಬಣ್ಣ' ಅಂತ ತಮಗೆ ತಾವೇ ಹೇಳಿಕೊಂಡು ಹೆದರಿಕೆ ಇಳಿಸಿಕೊಳ್ಳುತ್ತಾರೆ. ತಮಾಷೆ ಏನೆಂದರೆ ಕೊನೆಯಲ್ಲಿ ಎರಡೂ ಕಡೆಯವರಿಗೂ ಸಿಕ್ಕ ತೃಪ್ತಿ ಒಂದೇ. ನಮ್ಮ ಗುಂಪಿನಲ್ಲಿ ದುಪಟ್ಟಾ ಮುಖಕ್ಕೆ ಎಳೆದುಕೊಂಡು ಅದರ ಸಂದಿಯಲ್ಲಿ ನೋಡುವ ಒಬ್ಬರಿದ್ದಾರೆ. ಅವರನ್ನು ಆಡಿಕೊಳ್ಳುವುದನ್ನು ಇದನ್ನು ಓದಿದ ಮೇಲೆ ಎಲ್ಲರೂ ಬಿಟ್ಟಿದ್ದೇವೆ. ಮುಂದಿನ ಸಿನಿಮಾ ಯಾವಾಗ ಅಂತ ಮೊದಲು ಕೇಳುವವರೂ ಅವರೇ.

ಈಗ ಪಕ್ಕದ ಕುರ್ಚಿಯ ವಿಷಯ. ಮಂಡ್ಯ, ಮೈಸೂರು ಸೀಮೆಯ ಎಷ್ಟೋ ಊರಿನ ಹಬ್ಬಗಳಲ್ಲಿ ಕೊಂಡ ಹಾಯುವುದು ಉಂಟು. ಬೆಳಗಿನ ಜಾವ ಕೆಂಡ ಹರಡಿರುತ್ತಾರೆ. ಸುತ್ತ ಇಡೀ ಊರು. ಹರಕೆ ಹೊತ್ತವರು ಕೆಂಡದ ಮೇಲೆ ನಾಲ್ಕು ಹೆಜ್ಜೆ ಓಡುವಷ್ಟರಲ್ಲಿ, ಇತ್ತ ನಿಂತ ಅವರ ಹೆಂಡತಿಯ ಜೀವ ಬಾಯಿಗೆ ಬಂದಿರುತ್ತದೆ. ಪಕ್ಕದ ಊರಿಂದ ನೋಡಲು ಬಂದವರು ಮೊಬೈಲ್ ಹಿಡಿದು ಆರಾಮಾಗಿ ನಿಂತಿರುತ್ತಾರೆ. ಸ್ಪೇನಿನ ಸಾನ್ ಪೆದ್ರೊ ಮನ್ರಿಕೆ ಅನ್ನುವ ಹಳ್ಳಿಯಲ್ಲೂ ಜೂನ್ ತಿಂಗಳಲ್ಲಿ ಇಂಥದೇ ಹಬ್ಬವಿದೆ. ಅಲ್ಲಿ ಕೆಂಡ ಹಾಯುವವರಿಗೂ ನೋಡುವವರಿಗೂ ಎದೆಬಡಿತದ ಯಂತ್ರ ಕಟ್ಟಿದರು. 2011ರಲ್ಲಿ ಪ್ರಕಟವಾದ ಫಲಿತಾಂಶ ನಮ್ಮ ಊರಿನವರಿಗೆ ಆಶ್ಚರ್ಯವೇನೂ ಅಲ್ಲ. ಕೆಂಡದ ಮೇಲಿನವರ ಎದೆಬಡಿತ ಏರಿ ಇಳಿದ ಹಾಗೇ, ಸುಮ್ಮನೆ ನಿಂತಿದ್ದ ಅವರ ನೆಂಟರು, ಸ್ನೇಹಿತರ ಎದೆಬಡಿತವೂ ಏರಿ ಇಳಿದಿತ್ತು. ಹೊರಗಿನವರಲ್ಲಿ ಹಾಗಾಗಲಿಲ್ಲ. ಮುಟ್ಟಬೇಕಿಲ್ಲ, ಮಾತಾಡಬೇಕಿಲ್ಲ. ನಮ್ಮವರು ಅನ್ನುವ ಭಾವ ಇದ್ದರೆ ಸಾಕು.

ಹಾಗಾದರೆ ಜೊತೆಗೆ ನಮ್ಮವರಿದ್ದರೆ ಭಯ ಜಾಸ್ತಿಯಾಗುತ್ತದೋ ಕಡಿಮೆಯಾಗುತ್ತದೋ? ಇಲ್ಲಿ ವಿಷಯ ಸ್ವಲ್ಪ ಸಿಕ್ಕು. 2006ರಲ್ಲಿ ಜೇಮ್ಸ್ ಕೋನ್ ಅನ್ನುವ ಮನಶ್ಶಾಸ್ತ್ರಜ್ಞ ಮತ್ತು ಜೊತೆಗಾರರು ಮದುವೆಯಾದ 16 ಮಹಿಳೆಯರನ್ನು ಒಬ್ಬೊಬ್ಬರನ್ನಾಗಿ ಎಂಆರ್‌ಐ ಯಂತ್ರದಲ್ಲಿ ಮಲಗಿಸಿ, ಈಗ ಸಣ್ಣಗೆ ಶಾಕ್ ಹೊಡೆಯಬಹುದು ಅಂತ ಎಚ್ಚರಿಕೆ ಕೊಟ್ಟರು. ಗಂಡನ ಕೈ ಹಿಡಿದುಕೊಂಡಾಗ ಅಪಾಯಕ್ಕೆ ಸ್ಪಂದಿಸುವ ಮಿದುಳಿನ ಭಾಗಗಳು ತಣ್ಣಗಾದವು. ಗುರುತಿಲ್ಲದವರ ಕೈಯಿಂದ ಅಷ್ಟು ಉಪಯೋಗವಾಗಲಿಲ್ಲ. ದಾಂಪತ್ಯ ಚೆನ್ನಾಗಿದ್ದಷ್ಟೂ ಪರಿಣಾಮ ಜಾಸ್ತಿ! ಆದರೆ ಕ್ಯಾಲಿಫೋರ್ನಿಯಾದ ಒಂದು ಭೂತದ ಮನೆಯಲ್ಲಿ, ಕ್ಯಾಲ್‌ಟೆಕ್ ವಿಶ್ವವಿದ್ಯಾಲಯದವರು ಬಂದವರ ಕೈಗೆ ಬೆವರು ಅಳೆಯುವ ಪಟ್ಟಿ ಕಟ್ಟಿ ನೋಡಿದರೆ ಉಲ್ಟಾ. ಗುಂಪಿನಲ್ಲಿ ಸ್ನೇಹಿತರು ಹೆಚ್ಚಿದ್ದಷ್ಟೂ ದೇಹದ ಉದ್ವೇಗ ಹೆಚ್ಚು. ಇದು 2022ರ ಮಾತು.

ಎರಡೂ ಸರಿ ಇರಬಹುದು ಅನ್ನುವುದು ನನ್ನ ಊಹೆ. ಶಾಕ್ ನಿಜವಾದ ನೋವು. ಅಲ್ಲಿ ಜೊತೆಗಾರರು ಅಂದರೆ ಆಸರೆ. ಭೂತದ ಮನೆಯಲ್ಲಿ ನಿಜವಾದ ಅಪಾಯವಿಲ್ಲ ಅಂತ ಎಲ್ಲರಿಗೂ ಗೊತ್ತು, ಹೆದರೋಣ ಅಂತಲೇ ಬಂದಿದ್ದಾರೆ. ಅಲ್ಲಿ ಒಬ್ಬರ ಕಿರುಚಾಟ ಇನ್ನೊಬ್ಬರಿಗೆ ಹತ್ತಿಕೊಳ್ಳುತ್ತದೆ. ಒಂಟಿಯಾಗಿ ನೋಡುವಾಗ ನಿದ್ದೆ ಕೆಡಿಸುವ ಸಿನಿಮಾವೇ ಹತ್ತು ಜನರ ನಡುವೆ ಹಬ್ಬವಾಗುವುದು ಹೀಗೆ. ಮಂಡ್ಯದ ಟಾಕೀಸುಗಳಲ್ಲಿ ಸೆಕೆಂಡ್ ಶೋ ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ನಾಯಕಿ ಕತ್ತಲೆ ಕೋಣೆಯ ಬಾಗಿಲಿಗೆ ಕೈ ಹಾಕುತ್ತಿದ್ದ ಹಾಗೇ ಹಿಂದಿನ ಸಾಲಿನಿಂದ ಯಾರೋ ಕೂಗುತ್ತಾರೆ: "ಹೋಗ್ಬ್ಯಾಡ ಕಣವ್ವೋ, ಅಲ್ಲೇ ಅವ್ಳೆ!" ಇಡೀ ಟಾಕೀಸು ನಗುತ್ತದೆ. ಮರುಕ್ಷಣ ಬಾಗಿಲು ತೆರೆಯುತ್ತದೆ, ನಕ್ಕವರೆಲ್ಲ ಒಟ್ಟಿಗೆ ಬೆಚ್ಚುತ್ತಾರೆ. ಮೈಸೂರಿನ ಶಾಂತಲಾ, ಲಕ್ಷ್ಮಿಯಂಥ ಟಾಕೀಸುಗಳು ಮುಚ್ಚಿದಾಗ ನಮ್ಮಂಥವರಿಗೆ ಆದ ನಷ್ಟ ಇದು. ಮನೆಯ ಟಿವಿ ಎಷ್ಟೇ ದೊಡ್ಡದಿರಲಿ, ಹಿಂದಿನ ಸಾಲು ಎಲ್ಲಿಂದ ತರೋಣ?

ಸಿನಿಮಾ ಬರುವುದಕ್ಕೆ ಎಷ್ಟೋ ಮುಂಚೆ ಆಲೆಮನೆಗಳಿದ್ದವು. ಕಬ್ಬಿನ ಹಾಲು ಕುದಿಯುವ ಕೊಪ್ಪರಿಗೆ, ಕೆಳಗೆ ರಾತ್ರಿಯಿಡೀ ಉರಿಯುವ ಒಲೆ, ಅದಕ್ಕೆ ಸಿಪ್ಪೆ ತಳ್ಳುತ್ತಾ ಕೂತವರು. ಗದ್ದೆ ಬಯಲಿನ ಕೊಳ್ಳಿದೆವ್ವದ ಕತೆಗಳು ಬೆಳೆದದ್ದು ಇಂಥ ಕಡೆಗಳಲ್ಲೇ. ರಾತ್ರಿಯ ಬೆಂಕಿಗೂ ಕತೆಗೂ ಇರುವ ನಂಟನ್ನು ಪಾಲಿ ವೀಸ್ನರ್ ಅನ್ನುವ ಮಾನವಶಾಸ್ತ್ರಜ್ಞೆ ಆಫ್ರಿಕಾದ ಕಲಹಾರಿಯ ಬೇಟೆಗಾರ ಸಮುದಾಯದಲ್ಲಿ ಅಳೆದು ನೋಡಿದರು. ಹಗಲಿನ ಮಾತೆಲ್ಲ ಹೆಚ್ಚಾಗಿ ಕೆಲಸ, ಊಟ, ದೂರು, ಚಾಡಿ. ರಾತ್ರಿ ಬೆಂಕಿಯ ಸುತ್ತ ಕೂತಾಗ ನೂರಕ್ಕೆ 81 ಪಾಲು ಕತೆ. ಹಗಲಿನಲ್ಲಿ ಕತೆಯ ಪಾಲು ಬರೀ 6. ಈ ಲೆಕ್ಕ 2014ರಲ್ಲಿ ಪ್ರಕಟವಾಯಿತು.

ನಮ್ಮ ಗುಂಪಿನಲ್ಲಿ ಒಂದು ಆಟವಿದೆ. ನೋಡಿ ಹೆದರಿದ ದೃಶ್ಯವನ್ನೇ ಇನ್ನೊಂದು ಸಲ ಹಾಕುವುದು, ಸೌಂಡ್ ಪೂರ್ತಿ ತೆಗೆದು. ಎದೆ ಧಸಕ್ಕೆನ್ನಿಸಿದ್ದ ದೆವ್ವ ಆಗ ಪೌಡರ್ ಜಾಸ್ತಿ ಬಳಿದುಕೊಂಡ ನಟಿ, ಅಷ್ಟೇ. ಅರ್ಧಕ್ಕರ್ಧ ಭಯ ಕಿವಿಯಿಂದಲೇ ಬರುತ್ತದೆ. ಕಿರುಚಾಟದ ಬಗ್ಗೆ 2015ರಲ್ಲಿ ಬಂದ ಒಂದು ಅಧ್ಯಯನ ಇದಕ್ಕೆ ಕಾರಣ ಕೊಡುತ್ತದೆ. ಮಾತಾಡುವಾಗ ದನಿಯ ಜೋರು ಸೆಕೆಂಡಿಗೆ ನಾಲ್ಕೈದು ಸಲ ಮಾತ್ರ ಏರಿಳಿಯುತ್ತದೆ. ಕಿರುಚಿದಾಗ ಅದು 30ರಿಂದ 150 ಸಲ ಏರಿಳಿಯುತ್ತದೆ. ಈ ಒರಟು ಸದ್ದು ಅಮಿಗ್ಡಲವನ್ನು ಕೆರಳಿಸುತ್ತದೆ. ಅಪಾಯದ ಅಲಾರಮ್ಮುಗಳಲ್ಲೂ ಇರುವುದು ಇದೇ ಗುಣ. ಸಿನಿಮಾದವರು ಪಿಟೀಲನ್ನು ಅಪಸ್ವರದಲ್ಲಿ ಗೀಚುವುದು ಸುಮ್ನೆ ಅಲ್ಲ.

ಕೊರೋನಾ ಶುರುವಾದ ದಿನಗಳಲ್ಲಿ ನಡೆಸಿದ ಒಂದು ಅಧ್ಯಯನದ ಪ್ರಕಾರ ಭಯಾನಕ ಸಿನಿಮಾ ಪ್ರಿಯರು ಉಳಿದವರಿಗಿಂತ ಕಡಿಮೆ ಕಂಗೆಟ್ಟಿದ್ದರಂತೆ. ನಮ್ಮವರು ಇದನ್ನು ಎಲ್ಲ ಕಡೆ ಹೇಳಿಕೊಂಡು ತಿರುಗುತ್ತಾರೆ. ನಾನು ಅಷ್ಟು ಹಿಗ್ಗುವುದಿಲ್ಲ. ಸಿನಿಮಾ ನೋಡಿ ಮನಸ್ಸು ಗಟ್ಟಿಯಾಯಿತೋ, ಮನಸ್ಸು ಗಟ್ಟಿ ಇದ್ದವರೇ ಇಂಥ ಸಿನಿಮಾ ನೋಡುತ್ತಾರೋ ಅನ್ನುವುದು ಅದರಿಂದ ತೀರ್ಮಾನವಾಗುವುದಿಲ್ಲ.

ನೆನಪಿನ ವಿಷಯದಲ್ಲಿ ಮಾತ್ರ ಸಾಕ್ಷಿ ಗಟ್ಟಿಯಾಗಿದೆ. ಹತ್ತು ವರ್ಷದ ಹಿಂದೆ ನೋಡಿದ ದೆವ್ವದ ಸಿನಿಮಾದ ಒಂದೊಂದು ದೃಶ್ಯವನ್ನೂ ಸ್ನೇಹಿತರು ಬಾಯಿಪಾಠ ಹೇಳುತ್ತಾರಲ್ಲ, ಅದರ ಹಿಂದೆಯೂ ಅಡ್ರಿನಲಿನ್ ಇದೆ. 1994ರಲ್ಲಿ ನೆನಪಿನ ಬಗ್ಗೆ ಸಂಶೋಧನೆ ಮಾಡುವ ಲ್ಯಾರಿ ಕ್ಯಾಹಿಲ್, ಜೇಮ್ಸ್ ಮೆಕ್‌ಗಾ ಮತ್ತು ಜೊತೆಗಾರರು ಕೆಲವರಿಗೆ ಚಿತ್ರಗಳ ಜೊತೆ ಒಂದು ಕತೆ ಹೇಳಿದರು. ತಾಯಿಯ ಜೊತೆ ಅಪ್ಪನನ್ನು ನೋಡಲು ಹೊರಟ ಹುಡುಗನಿಗೆ ದಾರಿಯಲ್ಲಿ ಕಾರು ಗುದ್ದುತ್ತದೆ. ವಾರ ಕಳೆದು ಕೇಳಿದಾಗ, ಆ ಅಪಘಾತದ ಭಾಗ ಎಲ್ಲಕ್ಕಿಂತ ಚೆನ್ನಾಗಿ ನೆನಪಿತ್ತು. ಆದರೆ ಕತೆಗೆ ಮುಂಚೆ ಪ್ರೊಪ್ರನಲಾಲ್ ಮಾತ್ರೆ ನುಂಗಿದ್ದವರಿಗೆ ಆ ಭಾಗ ಹಾಗೆ ಎದ್ದು ನೆನಪಾಗಲಿಲ್ಲ. ಅಡ್ರಿನಲಿನ್ ಮಾಡುವ ಕೆಲಸಕ್ಕೆ ಅಡ್ಡಗಾಲು ಹಾಕುವ ಔಷಧಿ ಅದು. ಬಿಪಿಗೂ, ಮೈಗ್ರೇನ್ ತಡೆಯುವುದಕ್ಕೂ ಕೊಡುತ್ತಾರೆ.

ನಮ್ಮ ಗುಂಪಿನ ಹಿರಿಯರೊಬ್ಬರು ಮೈಗ್ರೇನಿಗೆ ಅದೇ ಮಾತ್ರೆ ತಗೊಳ್ಳುತ್ತಾರೆ. ಯಾವ ಸಿನಿಮಾದ ಮಾತು ಬಂದರೂ 'ಇದನ್ನ ನಾನು ನೋಡೇ ಇಲ್ಲ' ಅಂತಾರೆ. ಮಾತ್ರೆಯ ಮೇಲೆ ಹಾಕೋಣ ಅಂದರೆ, ದೆವ್ವ ಬರುವ ಹೊತ್ತಿಗೆ ಸರಿಯಾಗಿ ಆಸಾಮಿ ಕಾಫಿ ತರುತ್ತೇನೆ ಅಂತ ಎದ್ದು ಹೋಗಿರುತ್ತಾರೆ.