ಕೋಶಸಂಕೇತ ಪ್ರೋಟೀನುಗಳು ಮತ್ತು ಯಕೃತ್ತಿನ ಕ್ಯಾನ್ಸರ್

ಜೀವಕೋಶವೊಂದು ಯಾವಾಗ ವಿಭಜನೆಗೊಳ್ಳಬೇಕು, ಯಾವಾಗ ಸುಮ್ಮನಿರಬೇಕು, ಯಾವಾಗ ಸಾಯಬೇಕು ಎಂಬುದು ಬಹುಮಟ್ಟಿಗೆ ಅದಕ್ಕೆ ಹೊರಗಿನಿಂದ ಬರುವ ರಾಸಾಯನಿಕ ಸಂದೇಶಗಳನ್ನು ಅವಲಂಬಿಸಿದೆ. ಆ ಸಂದೇಶವನ್ನು ಕೋಶದ ಹೊರಪೊರೆಯಲ್ಲಿ ಹಿಡಿದು, ಒಳಗೆ ಒಂದರಿಂದ ಇನ್ನೊಂದಕ್ಕೆ ದಾಟಿಸಿ, ಕೋಶಕೇಂದ್ರದ ಜೀನುಗಳವರೆಗೆ ಮುಟ್ಟಿಸುವ ಪ್ರೋಟೀನುಗಳನ್ನು ಕೋಶಸಂಕೇತ ಪ್ರೋಟೀನುಗಳು ಎನ್ನುತ್ತಾರೆ.

ಇವನ್ನು ‘ಕ್ಯಾನ್ಸರ್ ಪ್ರೋಟೀನುಗಳು’ ಎಂದು ಕರೆಯುವುದು ರೂಢಿಯಲ್ಲಿದ್ದರೂ, ಯಕೃತ್ತಿನ ಮಟ್ಟಿಗಂತೂ ಅದು ಸರಿಯಲ್ಲ. ಇಲಿಯ ಯಕೃತ್ತಿನ ಮೂರನೇ ಎರಡು ಭಾಗವನ್ನು ಕತ್ತರಿಸಿ ತೆಗೆದರೂ ಉಳಿದ ಭಾಗವು ಒಂದೆರಡು ವಾರಗಳಲ್ಲಿ ಬೆಳೆದು ಹೆಚ್ಚುಕಡಿಮೆ ಮೊದಲಿನ ತೂಕಕ್ಕೆ ಬರುತ್ತದೆ. 1931ರಲ್ಲಿ ಹಿಗ್ಗಿನ್ಸ್ ಮತ್ತು ಆಂಡರ್ಸನ್ ವಿವರಿಸಿದ ಈ ಪ್ರಯೋಗ ಇಂದಿಗೂ ಬಳಕೆಯಲ್ಲಿದೆ. ಮೆಟ್ ಎಂಬ ಗ್ರಾಹಕ (ಸಂದೇಶವನ್ನು ಹಿಡಿಯುವ ಪ್ರೋಟೀನು), ಇಂಟರ್‌ಲ್ಯೂಕಿನ್-6 ಮತ್ತು ವಿಂಟ್ ಎಂಬ ಸಂದೇಶ ಪ್ರೋಟೀನುಗಳು ಮೊದಲಾದವು ಈ ಮರುಬೆಳವಣಿಗೆಯನ್ನು ನಡೆಸುತ್ತವೆ, ಹಿಪ್ಪೋ ಎಂಬ ಸಂಕೇತಸರಣಿಯು ಅಂಗದ ಗಾತ್ರಕ್ಕೆ ಮಿತಿ ಹಾಕುತ್ತದೆ. ಕ್ಯಾನ್ಸರ್ ಬಳಸಿಕೊಳ್ಳುವುದೂ ಇದೇ ಪ್ರೋಟೀನುಗಳನ್ನು. ವ್ಯತ್ಯಾಸವೆಂದರೆ ಅಲ್ಲಿ ‘ನಿಲ್ಲು’ ಎಂಬ ಆಜ್ಞೆ ನಡೆಯುವುದಿಲ್ಲ.

ಆಜ್ಞೆ ಹೇಗೆ ತಪ್ಪಿಹೋಗುತ್ತದೆ ಎಂಬುದಕ್ಕೆ ವಿಂಟ್ ಸಂದೇಶವನ್ನು ಕೋಶದೊಳಗೆ ಮುಟ್ಟಿಸುವ ಬೀಟಾ-ಕೆಟೆನಿನ್ ಎಂಬ ಪ್ರೋಟೀನು ಒಳ್ಳೆಯ ಉದಾಹರಣೆ. ವಿಂಟ್ ಸಂದೇಶವಿಲ್ಲದ ಸಮಯದಲ್ಲಿ ಆಕ್ಸಿನ್ ಮತ್ತು ಎಪಿಸಿ ಎಂಬ ಪ್ರೋಟೀನುಗಳು ಬೀಟಾ-ಕೆಟೆನಿನ್ ಅನ್ನು ಹಿಡಿದಿಡುತ್ತವೆ. ಆಗ ಎರಡು ಕಿಣ್ವಗಳು ಅದರ 45, 41, 37 ಮತ್ತು 33ನೆಯ ಅಮೈನೋ ಆಮ್ಲಗಳಿಗೆ ಆ ಕ್ರಮದಲ್ಲಿಯೇ ಫಾಸ್ಫೇಟ್ ಅಂಟಿಸುತ್ತವೆ. ಕೋಶದ ವಿಲೇವಾರಿ ವ್ಯವಸ್ಥೆಯು ಈ ಗುರುತನ್ನು ಕಂಡು ಅದನ್ನು ಒಡೆದುಹಾಕುತ್ತದೆ. ವಿಂಟ್ ಬಂದಾಗ ಮಾತ್ರ ಈ ಕೆಲಸ ನಿಂತು, ಉಳಿದ ಬೀಟಾ-ಕೆಟೆನಿನ್ ಕೋಶಕೇಂದ್ರವನ್ನು ಹೊಕ್ಕು ಬೆಳವಣಿಗೆಯ ಜೀನುಗಳನ್ನು ಚಾಲೂ ಮಾಡುತ್ತದೆ. ಯಕೃತ್ತಿನ ಮುಖ್ಯ ಕ್ಯಾನ್ಸರ್ ಆದ ಹೆಪಟೋಸೆಲ್ಯುಲರ್ ಕಾರ್ಸಿನೋಮದ ಸುಮಾರು ಕಾಲುಭಾಗದಿಂದ ಮೂರನೇ ಒಂದು ಭಾಗದಷ್ಟು ಗಡ್ಡೆಗಳಲ್ಲಿ ಈ ಪ್ರೋಟೀನಿನ ಜೀನೇ ಕೆಟ್ಟಿರುತ್ತದೆ, ಅದೂ ಹೆಚ್ಚಾಗಿ ಫಾಸ್ಫೇಟ್ ಅಂಟಬೇಕಾದ ಈ ಸಣ್ಣ ತುಣುಕಿನಲ್ಲಿಯೇ ಅಥವಾ ಅದರ ಪಕ್ಕದಲ್ಲಿ. ಒಂದೇ ಒಂದು ಅಮೈನೋ ಆಮ್ಲ ಬದಲಾದರೂ ಗುರುತು ಬೀಳುವುದಿಲ್ಲ, ಪ್ರೋಟೀನು ಒಡೆಯುವುದಿಲ್ಲ, ವಿಂಟ್ ಇಲ್ಲದೆಯೂ ಬೆಳವಣಿಗೆಯ ಆಜ್ಞೆ ಹೊರಡುತ್ತಲೇ ಇರುತ್ತದೆ.

ಎಲ್ಲ ಗಡ್ಡೆಗಳಲ್ಲೂ ಜೀನಿನ ದೋಷವೇ ಮೂಲವಾಗಿರಬೇಕಿಲ್ಲ. ಹೆಪಟೈಟಿಸ್ ಬಿ ಮತ್ತು ಸಿ ವೈರಸ್‌ಗಳು, ಮದ್ಯ, ಯಕೃತ್ತಿನಲ್ಲಿ ಸೇರಿಕೊಂಡ ಕೊಬ್ಬು, ಇವು ವರ್ಷಗಟ್ಟಲೆ ಉರಿಯೂತವನ್ನು ಉಳಿಸಿದಾಗ ಇಂಟರ್‌ಲ್ಯೂಕಿನ್-6 ಬಿಡುವಿಲ್ಲದೆ ಸ್ರವಿಸಿ, ಸ್ಟ್ಯಾಟ್-3 ಪ್ರೋಟೀನಿನ ಮೂಲಕ ಕೋಶಗಳನ್ನು ಮತ್ತೆಮತ್ತೆ ವಿಭಜನೆಗೆ ತಳ್ಳುತ್ತದೆ. ಟಿಜಿಎಫ್-ಬೀಟಾ ಎಂಬ ಸಂದೇಶ ಪ್ರೋಟೀನಿನ ನಡತೆಯಂತೂ ವಿಚಿತ್ರ: ಆರಂಭದಲ್ಲಿ ವಿಭಜನೆಯನ್ನು ತಡೆಯುವ ಅದು, ಗಡ್ಡೆ ಬಲಿತ ಮೇಲೆ ಅದರ ಹರಡುವಿಕೆಗೆ ನೆರವಾಗುತ್ತದೆ.

ಈ ತಿಳಿವಳಿಕೆಯಿಂದ ಹುಟ್ಟಿದ ಔಷಧಿಗಳಲ್ಲಿ ಸೊರಾಫೆನಿಬ್ ಮೊದಲನೆಯದು. ಯಕೃತ್ತಿನ ಕ್ಯಾನ್ಸರ್‌ಗೆ 2007ರಲ್ಲಿ ಅನುಮೋದನೆ ಪಡೆದ ಇದು ಬೆಳವಣಿಗೆಯ ಸಂದೇಶ ದಾಟಿಸುವ ರಾಫ್ ಕಿಣ್ವವನ್ನೂ ಗಡ್ಡೆಗೆ ರಕ್ತನಾಳ ಬೆಳೆಸುವ ವಿಇಜಿಎಫ್‌ನ ಗ್ರಾಹಕವನ್ನೂ ತಡೆಯುತ್ತದೆ. ಮುಖ್ಯ ಪ್ರಯೋಗದಲ್ಲಿ ರೋಗಿಗಳ ಮಧ್ಯಮ ಬದುಕುಳಿವು (ಅರ್ಧದಷ್ಟು ರೋಗಿಗಳು ಬದುಕಿ ಉಳಿದ ಅವಧಿ) 7.9ರಿಂದ 10.7 ತಿಂಗಳಿಗೆ ಏರಿತು. ಲಾಭ ಇಷ್ಟಕ್ಕೇ ನಿಂತದ್ದರಲ್ಲಿ ಅಚ್ಚರಿಯಿಲ್ಲ, ಏಕೆಂದರೆ ಒಂದು ಸಂಕೇತಸರಣಿಯನ್ನು ಮುಚ್ಚಿದರೆ ಕೋಶವು ಇನ್ನೊಂದನ್ನು ಹಿಡಿಯುತ್ತದೆ. 2020ರಲ್ಲಿ ಅನುಮತಿ ಪಡೆದ ಅಟೆಜೊಲಿಜುಮಾಬ್–ಬೆವಾಸಿಜುಮಾಬ್ ಜೋಡಿಯು ವಿಇಜಿಎಫ್ ತಡೆಗೆ ರೋಗನಿರೋಧಕ ಚಿಕಿತ್ಸೆಯನ್ನು ಸೇರಿಸಿ ಸೊರಾಫೆನಿಬ್‌ಗಿಂತ ಉತ್ತಮ ಫಲ ಕೊಟ್ಟಿದೆ. ಇವುಗಳಲ್ಲಿ ಯಾವುದೂ ಬೀಟಾ-ಕೆಟೆನಿನ್ ಅನ್ನು ನೇರವಾಗಿ ಮುಟ್ಟುವುದಿಲ್ಲ. ಅದು ಕಿಣ್ವವಲ್ಲವಾದ್ದರಿಂದ ಔಷಧಿಯ ಅಣು ಹೋಗಿ ಕೂರಲು ಅದರ ಮೇಲೆ ಆಳವಾದ ಕುಳಿಯೂ ಇಲ್ಲ.